ನೀರಿನ ಗೆರೆ ಕಲ್ಲಿನ ಗೆರೆಯಾಗದಿರಲಿ



ಭಾದ್ರಪದ ಮಾಸ ಸಮೀಪಿಸಿದೊಡನೆ ನಮ್ಮ ಮನೆಮನೆಗಳಲ್ಲಿ ನೋಂಪಿಯ ಸಿದ್ಧತೆ ಆರಂಭವಾಗುತ್ತದೆ. ಶುದ್ಧ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಕೆಲವರು ಏಕಾಶನ ಮಾಡುವರು, ಕೆಲವರು ಒಂದು ದಿನ ಬಿಟ್ಟು ಒಂದು ದಿನ ಉಪವಾಸವಿರುವರು, ಶಕ್ತಿಯುಳ್ಳವರು ಹತ್ತು ದಿನವೂ ನಿರಾಹಾರರಾಗಿರುವರು. ಈ ಪರ್ವದ ರಚನೆಯನ್ನೊಮ್ಮೆ ಗಮನಿಸಿರಿ. ಹತ್ತು ಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ. ಪರ್ವ ಮುಗಿದು ಬಹುಳ ಪಾಡ್ಯದಂದು ನಾವು ಆಚರಿಸುವುದು ಕ್ಷಮಾವಾಣಿ. ಹೀಗೆ ನಮ್ಮ ಪೂರ್ವಜರು ಅನ್ನತ್ಯಾಗವನ್ನು ಎರಡು ಕ್ಷಮೆಗಳ ನಡುವೆ ಇರಿಸಿದ್ದಾರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಯ ವಿಧಿಯನ್ನು ಹೇಳುವಾಗಲೂ ಇದೇ ಕ್ರಮವಿದೆ. ಸ್ನೇಹ, ವೈರ, ಪರಿಗ್ರಹಗಳನ್ನು ಮೊದಲು ಬಿಡಬೇಕು. ಸ್ವಜನರಿಗೂ ಪರಿಜನರಿಗೂ ಕ್ಷಮೆಯನ್ನಿತ್ತು ಅವರಿಂದ ಕ್ಷಮೆಯನ್ನು ಬೇಡಬೇಕು. ಆಹಾರವನ್ನು ಕ್ರಮಕ್ರಮವಾಗಿ ಬಿಡುವ ಮಾತು ಬರುವುದು ಅದರ ನಂತರ. ನಮ್ಮ ಸೀಮೆಯ ಭೋಜ ಗ್ರಾಮದ ಪರಮಪೂಜ್ಯ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನೆ ಸಾಧಿಸಿದ ಪುಣ್ಯಕಥೆಯನ್ನು ಹಿರಿಯರ ಬಾಯಿಂದ ಕೇಳದ ಮನೆ ಈ ಭಾಗದಲ್ಲಿ ಇರಲಾರದು. ಅಂತ್ಯಕಾಲದ ಆ ಮಹಾವ್ರತಕ್ಕೆ ಯಾವ ಕ್ರಮವೋ ನಮ್ಮ ಒಂದು ದಿನದ ಉಪವಾಸಕ್ಕೂ ಅದೇ ಕ್ರಮ. ವೈರವನ್ನು ಇಟ್ಟುಕೊಂಡು ಅನ್ನವನ್ನು ಬಿಟ್ಟರೆ ಅದು ಲಂಘನವಾಗುತ್ತದೆ. ವೈದ್ಯನು ಹೇಳಿದಾಗ ರೋಗಿಯೂ ಲಂಘನ ಮಾಡುತ್ತಾನೆ.

"ನಮಗೆ ಯಾರೊಡನೆಯೂ ವೈರವಿಲ್ಲ" ಎಂದು ತಾವು ಹೇಳಬಹುದು. ವೈರವೆಂಬ ಹೆಸರಿನಿಂದ ಅದು ಮನೆಯೊಳಗೆ ಬರುವುದಿಲ್ಲವೆಂಬುದೇ ಇಂದಿನ ಪ್ರವಚನದ ವಿಷಯ. ಒಂದೇ ಧರ್ಮಕಾರ್ಯಕ್ಕಾಗಿ ಕೂಡಿದ ಸಜ್ಜನರ ನಡುವೆ ಸಣ್ಣದೊಂದು ಭಿನ್ನಾಭಿಪ್ರಾಯವಾಗಿ ಅದು ಬರುತ್ತದೆ.

ಆಚಾರ್ಯರು ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ: ನೀರಿನ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೆಲದ ಬಿರುಕು, ಕಲ್ಲಿನ ಸೀಳು. ಗೊಮ್ಮಟಸಾರದ ಜೀವಕಾಂಡದಲ್ಲಿ ಈ ಹೋಲಿಕೆಯಿದೆ. ಅದೇ ಗ್ರಂಥದ ಕರ್ಮಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಕಷಾಯಗಳ ವಾಸನಾಕಾಲವನ್ನು, ಎಂದರೆ ಅವುಗಳ ಸಂಸ್ಕಾರವು ಮನಸ್ಸಿನಲ್ಲಿ ನಿಲ್ಲುವ ಕಾಲವನ್ನು, ಅಳೆದು ಕೊಟ್ಟಿದ್ದಾರೆ. ಸಂಜ್ವಲನಕ್ಕೆ ಅಂತರ್ಮುಹೂರ್ತ; ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ; ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು; ಅನಂತಾನುಬಂಧಿಗೆ ಸಂಖ್ಯಾತ, ಅಸಂಖ್ಯಾತ, ಅನಂತ ಭವಗಳು. ಕೇಶವವರ್ಣಿಗಳು 1359ರಲ್ಲಿ ಈ ಗ್ರಂಥಕ್ಕೆ ಕನ್ನಡದಲ್ಲಿಯೇ ವೃತ್ತಿಯನ್ನು ರಚಿಸಿದರೆಂಬುದು ಕನ್ನಡ ಶ್ರಾವಕರ ಭಾಗ್ಯ.

ಗೆರೆಗಳನ್ನೂ ಈ ಕಾಲಮಾನವನ್ನೂ ಕೂಡಿಸಿ ಓದಿರಿ. ಕೃಷ್ಣೆಯ ನೀರಿನಲ್ಲಿ ಬೆರಳಾಡಿಸಿದರೆ ಗೆರೆ ಆಗಲೇ ಕೂಡುತ್ತದೆ. ಬಂಡಿ ಹೋದ ದಾರಿಯ ಧೂಳಿನ ಗೆರೆ ಕೆಲವು ದಿನದ ಗಾಳಿಗೆ ಅಳಿಯುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಹೊಲ ಮಳೆಗಾಲಕ್ಕೆ ಮುಚ್ಚಿಕೊಳ್ಳುತ್ತದೆ. ಕಲ್ಲು ಸೀಳಿದರೆ ಕೂಡುವ ಮಾತಿಲ್ಲ. ಕೋಪ ಯಾವ ಜಾತಿಯದೆಂದು ತಿಳಿಯಲು ಅದರ ಕಾರಣ ಎಷ್ಟು ದೊಡ್ಡದೆಂದು ಶಾಸ್ತ್ರ ಕೇಳುವುದಿಲ್ಲ. ಅದು ಎಷ್ಟು ಕಾಲ ಉಳಿಯಿತೆಂದು ಕೇಳುತ್ತದೆ. ಅತ್ಯಲ್ಪ ಕಾರಣದ ಕೋಪವೂ ಕಾಲ ಮೀರಿ ಉಳಿದರೆ ಅದನ್ನು ಅಲ್ಪವೆಂದು ಕರೆಯುವಂತಿಲ್ಲ.

ಈ ಅಳತೆಯಲ್ಲಿ ಗೃಹಸ್ಥನಿಗೊಂದು ಎಚ್ಚರಿಕೆಯಿದೆ. ಅಪ್ರತ್ಯಾಖ್ಯಾನಾವರಣ ಕಷಾಯವು ಅಣುವ್ರತಗಳಿಗೆ ಅಡ್ಡಬರುವಂಥದು. ಅನಂತಾನುಬಂಧಿಯು ಸಮ್ಯಕ್ತ್ವವನ್ನೇ ಕೆಡಿಸುವಂಥದು. ಆದುದರಿಂದ ಒಬ್ಬ ವ್ರತಿಕ ಶ್ರಾವಕನ ಕೋಪ ಹದಿನೈದು ದಿನ ದಾಟಿತೆಂದರೆ ಅವನು ಹಿಡಿದ ವ್ರತದ ಬುಡಕ್ಕೆ ಅಪಾಯ ಬಂದಿದೆ. ಆರು ತಿಂಗಳು ದಾಟಿತೆಂದರೆ ಶ್ರದ್ಧೆಗೇ ಅಪಾಯ ಬಂದಿದೆ.

ನಾಲ್ಕು ದಶಕಗಳ ಕಾಲ ಮಕ್ಕಳಿಗೆ ಪಾಠ ಹೇಳಿದ ನಾನು, ಈ ಪಾಠದಲ್ಲಿ ಮಾತ್ರ ನಾಪಾಸಾದವನು. ಆ ಸಂಗತಿಯನ್ನು ಹೇಳಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ. ಊರಿನ ಹೆಸರು ಬೇಡ, ವ್ಯಕ್ತಿಯ ಹೆಸರೂ ಬೇಡ.

ಕೆಲವು ವರ್ಷಗಳ ಹಿಂದಿನ ಮಾತು. ಶ್ರಾವಣ ಬಹುಳದ ಕೊನೆಯ ದಿನಗಳು. ದಶಲಕ್ಷಣ ಯಾವ ದಿನ ಆರಂಭವಾಗಬೇಕೆಂಬ ಪ್ರಶ್ನೆ ಬಂತು. ಸೂರ್ಯೋದಯದ ಕಾಲಕ್ಕೆ ಕನಿಷ್ಠ ಆರು ಘಳಿಗೆ, ಎಂದರೆ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ, ಇರುವ ತಿಥಿಯನ್ನು ವ್ರತಕ್ಕೆ ಹಿಡಿಯಬೇಕೆಂಬುದು ನಮ್ಮ ಆಮ್ನಾಯದ ನಿಯಮ. ನನ್ನ ಕೈಯಲ್ಲಿದ್ದ ಪಂಚಾಂಗದಲ್ಲಿ ಪಂಚಮಿ ಆರು ಘಳಿಗೆಗೆ ತುಸು ಕಡಿಮೆ. ನನ್ನ ಸೋದರಮಾವನ ಮಗನ ಕೈಯಲ್ಲಿದ್ದ ಪಂಚಾಂಗದಲ್ಲಿ ತುಸು ಹೆಚ್ಚು. ಅವನ್ನು ಬೇರೆ ಬೇರೆ ಊರುಗಳ ಸೂರ್ಯೋದಯಕ್ಕೆ ಗಣಿಸಿದ್ದರು; ಅವರವರ ಲೆಕ್ಕ ಅವರವರಿಗೆ ಸರಿ. ನನಗಿಂತ ನಾಲ್ಕು ವರ್ಷ ಹಿರಿಯರಾದ ಅವರನ್ನು ನಾನು ಅಣ್ಣಾ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಸ್ವಾಧ್ಯಾಯ ಮುಗಿದ ಮೇಲೆ ಬಸದಿಯ ಕಟ್ಟೆಯ ಮೇಲೆ ಕುಳಿತು ಸ್ವಲ್ಪ ಹೊತ್ತು ವಾದಿಸಿದೆವು. ಅಲ್ಲಿಗೆ ಅದು ನೀರಿನ ಗೆರೆ. ಮರುದಿನ ಪಂಡಿತರನ್ನು ಕೇಳಿದ್ದರೆ ಕೂಡಿಹೋಗುತ್ತಿತ್ತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನೋಂಪಿಯ ದಿನ, ಪೂಜೆಯ ಪಾಳಿ, ಪಾರಣೆಯ ವ್ಯವಸ್ಥೆ ತಿಳಿಸಲೆಂದು ತರುಣರು ಮೊಬೈಲಿನಲ್ಲಿ ಒಂದು ವಾಟ್ಸಪ್ ಬಳಗ ಮಾಡಿದ್ದರು. ನೂರಕ್ಕೂ ಹೆಚ್ಚು ಮನೆಗಳು ಅದರಲ್ಲಿದ್ದವು. ಶಾಸ್ತ್ರ ತಿಳಿಯದವರು ತಿಥಿನಿರ್ಣಯಕ್ಕೆ ಕೈ ಹಾಕಬಾರದೆಂದು ನಾನು ಅದರಲ್ಲಿ ಬರೆದೆ. ಯಾರ ಹೆಸರನ್ನೂ ಬರೆಯಲಿಲ್ಲ. ಯಾರಿಗೆಂದು ಎಲ್ಲರಿಗೂ ತಿಳಿಯಿತು.

ಬೆಳಗಾಗುವುದರೊಳಗೆ, ದೂರದ ಪಟ್ಟಣದಲ್ಲಿ ನೌಕರಿಯಲ್ಲಿದ್ದ ಅವರ ತಂಗಿಯ ಮಗ ನನ್ನ ಶಾಸ್ತ್ರಜ್ಞಾನದ ಬಗ್ಗೆ ನಾಲ್ಕು ಮಾತು ಬರೆದಿದ್ದ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗುರುಭಕ್ತಿಯಿಂದ ಅವನಿಗೆ ಎಂಟು ಮಾತು ಹೇಳಿದ. ಅಲ್ಲಿಂದ ಹಿಂದಿನ ವರ್ಷದ ದೀಪಾಲಂಕಾರದ ಲೆಕ್ಕ ಹೊರಬಿತ್ತು. ಆಮೇಲೆ ನಮ್ಮ ತಂದೆಯವರ ಕಾಲದಲ್ಲಿ ತೀರಿಹೋಗಿದ್ದ ಹೊಲದ ಬದುವಿನ ತಂಟೆ ಎದ್ದಿತು. ಮೂರು ದಿನಗಳಲ್ಲಿ ಪಂಚಮಿಯ ಮಾತನ್ನು ಎತ್ತುವವರೇ ಇಲ್ಲವಾದರು. ನಾಲ್ಕನೆಯ ದಿನ ಬಸದಿಯ ಬಾಗಿಲಲ್ಲಿ ನಮ್ಮ ಅಣ್ಣನವರು ಎದುರಾದಾಗ, "ಮಾಸ್ತರ, ನಿಮ್ಮ ಪಂಚಾಂಗ ನಿಮ್ಮ ಮನ್ಯಾಗ ಇರ್ಲಿ, ಬಸ್ತಿಗೆ ತರಬ್ಯಾಡ್ರಿ" ಎಂದರು. ಅರವತ್ತು ವರ್ಷ ತಮ್ಮಾ ಎಂದವರು ಅಂದು ಮಾಸ್ತರ ಎಂದರು. ಗೆರೆ ಎಷ್ಟು ಆಳಕ್ಕೆ ಇಳಿದಿದೆಯೆಂದು ಆ ಒಂದು ಶಬ್ದದಿಂದ ನಾನು ತಿಳಿಯಬೇಕಾಗಿತ್ತು.

ಆ ವರ್ಷ ಒಂದೇ ಬಸದಿಯಲ್ಲಿ ನೋಂಪಿ ಎರಡು ದಿನ ಆರಂಭವಾಯಿತು. ಹೆಣ್ಣುಮಕ್ಕಳು ಪರಸ್ಪರರ ಮನೆಗೆ ಅರಿಶಿನ-ಕುಂಕುಮಕ್ಕೆ ಹೋಗುವುದು ನಿಂತಿತು. ಕ್ಷಮಾವಾಣಿಯ ದಿನ ಧ್ವನಿವರ್ಧಕದ ಮುಂದೆ ನಿಂತು ನಾನು ಸಮಸ್ತ ಜೀವರಾಶಿಯ ಕ್ಷಮೆ ಬೇಡಿದೆ. ಮೂರು ಮಾರು ದೂರದಲ್ಲಿ ನಿಂತಿದ್ದ ಒಬ್ಬ ಜೀವನ ಕ್ಷಮೆಯನ್ನು ಬೇಡಲಿಲ್ಲ.

ಕಲಹ ಹೀಗೇಕೆ ಬೆಳೆಯಿತೆಂದು ಅನಂತರ ಬಹಳ ಯೋಚಿಸಿದೆ. ಎದುರೆದುರು ಕುಳಿತಾಗ ಹಿರಿಯರ ಮುಖ ಬಾಡಿದ್ದನ್ನು ಕಂಡು ನಮ್ಮ ಧ್ವನಿ ತಾನಾಗಿಯೇ ತಗ್ಗುತ್ತದೆ. ಮೊಬೈಲಿನಲ್ಲಿ ಆ ಮುಖ ಕಾಣುವುದಿಲ್ಲ. ಇಬ್ಬರೇ ಇದ್ದಾಗ "ಹೋಗಲಿ ಬಿಡಣ್ಣಾ" ಎನ್ನುವುದು ಸುಲಭ. ನೂರು ಮನೆಗಳ ಮುಂದೆ ಹಾಗೆನ್ನಲು ಮಾನಕಷಾಯ ಬಿಡುವುದಿಲ್ಲ. ಆಡಿದ ಮಾತು ಮರೆತುಹೋಗುತ್ತದೆ. ಬರೆದ ಮಾತನ್ನು ಮಧ್ಯರಾತ್ರಿಯಲ್ಲಿ ತೆರೆದು ಮತ್ತೆ ಮತ್ತೆ ಓದಬಹುದು. ಪ್ರತಿಸಲ ಓದಿದಾಗಲೂ ಧೂಳಿನ ಗೆರೆಯನ್ನು ನಾವೇ ಮತ್ತೊಮ್ಮೆ ಎಳೆದಂತಾಗುತ್ತದೆ, ವಾಸನಾಕಾಲ ಬೆಳೆಯುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸಿದೆ. ಗುಟ್ಟನ್ನು ಹೊರಹಾಕುವ ರಹೋಭ್ಯಾಖ್ಯಾನ, ಇಂಗಿತವನ್ನರಿತು ಬಯಲು ಮಾಡುವ ಸಾಕಾರಮಂತ್ರಭೇದ, ಸುಳ್ಳು ಬರಹದ ಕೂಟಲೇಖಕ್ರಿಯೆ ಅಲ್ಲಿ ಇವೆ. ಹೆಸರು ಹೇಳದೆ ಚುಚ್ಚುವುದು, ಮನೆಯ ಗುಟ್ಟನ್ನು ಎಲ್ಲರ ಮುಂದಿಡುವುದು, ಒಬ್ಬರ ಬರಹದ ಹಿಂದುಮುಂದು ಕತ್ತರಿಸಿ ಇನ್ನೊಬ್ಬರಿಗೆ ಕಳಿಸುವುದು ಈ ದೋಷಗಳ ನೆರಳಿನಲ್ಲಿಯೇ ನಡೆಯುತ್ತವೆ. ಸಾಧನ ಹೊಸದು, ದೋಷ ಹಳೆಯದು.

ಇದು ನಮ್ಮ ಸಮಾಜಕ್ಕೆ ಮಾತ್ರ ಅಂಟಿದ ದೋಷವೂ ಅಲ್ಲ. 2001ರಲ್ಲಿ ಅಂತರ್ಜಾಲದಲ್ಲಿ ವಿಕಿಪೀಡಿಯವೆಂಬ ವಿಶ್ವಕೋಶ ಆರಂಭವಾಯಿತು. 2003ರಿಂದ ಕನ್ನಡದಲ್ಲಿಯೂ ಇದೆ. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು; ಬರೆಯುವವರು ಸಂಬಳವಿಲ್ಲದೆ ಜ್ಞಾನದಾನಕ್ಕಾಗಿ ಕೂಡಿದವರು. ಅದರ ಇಂಗ್ಲಿಷ್ ಆವೃತ್ತಿಯಲ್ಲಿ, ನಾವು ದಿನನಿತ್ಯ ಉಣ್ಣುವ ಮೊಸರಿನಂಥ ಪದಾರ್ಥದ ಲೇಖನವೊಂದಿದೆ. ಅದರ ಹೆಸರಿನ ಕಾಗುಣಿತದಲ್ಲಿ 'ಎಚ್' ಅಕ್ಷರ ಇರಬೇಕೆ, ಬೇಡವೆ ಎಂಬ ವಾದ ಹಲವು ವರ್ಷ ನಡೆದು 2011ರಲ್ಲಿ ಮುಗಿಯಿತೆಂದು ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗ ಹೇಳಿದಾಗ ನಾನು ನಕ್ಕೆ. ಆಮೇಲೆ ನಮ್ಮ ಆರು ಘಳಿಗೆ ನೆನಪಾಗಿ ನಗು ನಿಂತಿತು. ಅಲ್ಲಿ 2004ರಿಂದ ಒಂದು ನಿಯಮವಿದೆಯಂತೆ: ಒಂದು ಪುಟದಲ್ಲಿ 24 ಗಂಟೆಗಳೊಳಗೆ ಇತರರು ಬರೆದದ್ದನ್ನು ಮೂರಕ್ಕಿಂತ ಹೆಚ್ಚು ಸಲ ರದ್ದು ಮಾಡಬಾರದು. ಕಾಲಕ್ಕೂ ಎಣಿಕೆಗೂ ಮಿತಿ ಹಾಕದ ಹೊರತು ಕಲಹ ನಿಲ್ಲದೆಂದು ಅವರೂ ಅನುಭವದಿಂದ ಕಂಡುಕೊಂಡರು. ನಾವು ಈ ಮಿತಿಯನ್ನು ನಿಯಮವೆಂದೂ ವ್ರತವೆಂದೂ ಕರೆಯುತ್ತ ಬಂದಿದ್ದೇವೆ.

ಇನ್ನೊಂದು ಸೂಕ್ಷ್ಮ ವಿಚಾರವಿದೆ. ಸಹಧರ್ಮಿಗಳೊಡನೆ ಕಲಹವಾಡದಿರುವುದಕ್ಕೆ ತತ್ತ್ವಾರ್ಥಸೂತ್ರದಲ್ಲಿ ಸಧರ್ಮಾವಿಸಂವಾದ ಎಂಬ ಹೆಸರಿದೆ. ಅದನ್ನು ಯಾವ ವ್ರತದ ಭಾವನೆಗಳಲ್ಲಿ ಸೇರಿಸಿದ್ದಾರೆ ಬಲ್ಲಿರಾ? ಅಹಿಂಸೆಯಲ್ಲಿ ಅಲ್ಲ, ಸತ್ಯದಲ್ಲಿ ಅಲ್ಲ; ಅಚೌರ್ಯವ್ರತದ ಐದು ಭಾವನೆಗಳಲ್ಲಿ ಕೊನೆಯದಾಗಿ ಸೇರಿಸಿದ್ದಾರೆ. ಜಗಳಕ್ಕೂ ಕಳ್ಳತನಕ್ಕೂ ಏನು ಸಂಬಂಧವೆಂದು ನಾನೂ ತಾರುಣ್ಯದಲ್ಲಿ ಆಶ್ಚರ್ಯಪಟ್ಟಿದ್ದೆ. ಇದು ನನ್ನದು, ಅದು ನಿನ್ನದು ಎಂದು ಸಹಧರ್ಮಿಯೊಡನೆ ವಾದಿಸದಿರುವುದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅರ್ಥ ಬಿಡಿಸಿದ್ದಾರೆ. ಆ ನೋಂಪಿ ಊರಿನದಾಗಿತ್ತು. ತಿಥಿನಿರ್ಣಯ ಶಾಸ್ತ್ರದ್ದಾಗಿತ್ತು. ನಾನು ಎರಡನ್ನೂ ನನ್ನದೆಂದುಕೊಂಡೆ; ನನ್ನ ಪಂಚಾಂಗ, ನನ್ನ ಶಾಸ್ತ್ರಜ್ಞಾನ, ನನ್ನ ಮಾತು. ಸರ್ವರ ಸೊತ್ತನ್ನು ಒಬ್ಬನು ಎತ್ತಿಕೊಳ್ಳುವುದು ಚೌರ್ಯವಲ್ಲವೆ? ಸಾರ್ವಜನಿಕ ಧರ್ಮಕಾರ್ಯದಲ್ಲಿ ಹುಟ್ಟುವ ಕಲಹಗಳ ಮೂಲವನ್ನು ಅಗೆದು ನೋಡಿದರೆ ಬಹುತೇಕ ಈ ನನ್ನದು ಎಂಬ ಕಲ್ಲೇ ತಗಲುತ್ತದೆ.

ಆದಿಪುರಾಣದ ಭರತ-ಬಾಹುಬಲಿ ಪ್ರಸಂಗವನ್ನು ಎಲ್ಲರೂ ಬಲ್ಲಿರಿ. ಅದರಲ್ಲಿ ಮಂತ್ರಿಗಳು ಮಾಡಿದ ಉಪಕಾರವನ್ನು ನಾವು ಬೇಗ ಮರೆಯುತ್ತೇವೆ. ಎರಡೂ ಸೈನ್ಯಗಳು ಎದುರಾದಾಗ ಮಂತ್ರಿಗಳು ಮುಂದೆ ಬಂದು, ವಿವಾದ ಅಣ್ಣತಮ್ಮಂದಿರಲ್ಲಿ, ಸೈನಿಕರೇಕೆ ಸಾಯಬೇಕೆಂದು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಇಬ್ಬರ ನಡುವೆಯೇ ನಡೆದವು. ಲಕ್ಷ ಜನರ ಯುದ್ಧವಾಗಬೇಕಾಗಿದ್ದ ವಿವಾದವನ್ನು ಇಬ್ಬರಿಗೆ ಇಳಿಸಿದುದರಿಂದಲೇ ಗೆದ್ದ ತಮ್ಮನ ಹೃದಯದಲ್ಲಿ ವೈರಾಗ್ಯಕ್ಕೆ ಎಡೆಯುಳಿಯಿತು. ನಮ್ಮ ಊರಿನಲ್ಲಿ ಆ ಮಂತ್ರಿಗಳ ಕೆಲಸವನ್ನು ಯಾರೂ ಮಾಡಲಿಲ್ಲ. ಎಲ್ಲರೂ ಸೈನ್ಯವಾದರು.

ಉಪಗೂಹನ ಅಂಗಕ್ಕೆ ದೃಷ್ಟಾಂತವಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನೂ ನೆನೆಯಿರಿ. ವ್ರತಿಯ ವೇಷದ ಕಳ್ಳನೊಬ್ಬನು ಜಿನಬಿಂಬದ ಛತ್ರದಲ್ಲಿದ್ದ ರತ್ನವನ್ನು ಕದ್ದೋಡುತ್ತಾನೆ. ಕಾವಲುಗಾರರು ಬೆನ್ನಟ್ಟಿದಾಗ ಶ್ರೇಷ್ಠಿಯು, ತಾನೇ ಅದನ್ನು ತರಹೇಳಿದ್ದಾಗಿ ನುಡಿದು ಧರ್ಮಕ್ಕೆ ಅಪವಾದ ಬಾರದಂತೆ ಕಾಯುತ್ತಾನೆ. ಆಮೇಲೆ ಏಕಾಂತದಲ್ಲಿ ಅವನನ್ನು ದಂಡಿಸಿ ಕಳುಹಿಸುತ್ತಾನೆ. ನಿಜವಾದ ಕಳ್ಳನಿಗೂ ಏಕಾಂತದ ಮಾತು ದೊರೆಯಿತು. ಪಂಚಾಂಗ ನೋಡಿದ ನಮ್ಮ ಅಣ್ಣನಿಗೆ ನಾನು ಅಷ್ಟನ್ನೂ ಕೊಡಲಿಲ್ಲ.

ಇತಿಹಾಸದಲ್ಲಿಯೂ ಒಂದು ನಿದರ್ಶನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದು ಜೈನರು ಬುಕ್ಕರಾಯನಲ್ಲಿ ಮೊರೆಯಿಟ್ಟರು. ಪಂಚಮಹಾವಾದ್ಯ ಮತ್ತು ಕಲಶಗಳ ಮರ್ಯಾದೆಯೂ ಅದರಲ್ಲಿತ್ತು. 1368ರ ಶ್ರವಣಬೆಳಗೊಳದ ಶಾಸನವು ಅದರ ತೀರ್ಪನ್ನು ಹೇಳುತ್ತದೆ. ಅರಸನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದನು. ವಾದ್ಯ-ಕಲಶಗಳು ಜೈನರಿಗೆ ಸಲ್ಲುವವೆಂದನು. ಅಷ್ಟಕ್ಕೇ ಬಿಡದೆ ಇಬ್ಬರಿಗೂ ಕೂಡಿದ ಒಂದು ಕೆಲಸವನ್ನು ಏರ್ಪಡಿಸಲಾಯಿತು. ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ಕೂಡಿಸಿ, ಬೆಳಗೊಳದ ದೇವರಿಗೆ ಇಪ್ಪತ್ತು ಜನ ಮೈಗಾವಲಿನವರನ್ನಿಡಬೇಕು, ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಯಿಸಬೇಕು. ಇದನ್ನು ನಡೆಯಿಸುವ ಹೊಣೆ ತಿರುಮಲೆಯ ತಾತಯ್ಯನದು. ವಿವಾದದ ಒಂದು ಪಕ್ಷದವರೇ ಇನ್ನೊಂದು ಪಕ್ಷದ ದೇವರನ್ನು ಕಾಯಬೇಕಾಯಿತು. ಆ ಒಪ್ಪಂದವನ್ನು ಕಲ್ಲಿನಲ್ಲಿ ಕೊರೆಯಿಸಿದರು. ಕಲ್ಲಿನಲ್ಲಿ ಗೆರೆ ಎಳೆಯಲೇಬೇಕಾದರೆ ಅದು ಸಂಧಿಯ ಗೆರೆಯಾಗಿರಲಿ.

ಆದುದರಿಂದ ಈ ಸಲದ ನೋಂಪಿಯೊಡನೆ ಕೆಳಗಿನ ನಿಯಮಗಳನ್ನು ಶಕ್ತ್ಯನುಸಾರ ತೆಗೆದುಕೊಳ್ಳಬೇಕೆಂದು ವಿನಂತಿಸುತ್ತೇನೆ. ಇವು ನನ್ನ ಸೋಲಿನಿಂದ ಕಲಿತವು.

ಮೊದಲನೆಯದು: ಭಿನ್ನಾಭಿಪ್ರಾಯ ಇಬ್ಬರದಾದರೆ ಇಬ್ಬರೇ ಕುಳಿತು ಆಡಬೇಕು. ತೀರದಿದ್ದರೆ ಹಿರಿಯರೊಬ್ಬರನ್ನೋ ಪಂಡಿತರನ್ನೋ ಕರೆಯಬೇಕು. ಎಲ್ಲರೂ ಓದುವಲ್ಲಿ ಬರೆಯಬಾರದು.

ಎರಡನೆಯದು: ಸೂರ್ಯಾಸ್ತದ ನಂತರ ನಾವು ಉಣ್ಣುವುದಿಲ್ಲ. ಅದೇ ರೀತಿ ವಿವಾದದ ಮಾತಿಗೆ ಸೂರ್ಯಾಸ್ತದ ನಂತರ ಉತ್ತರ ಬರೆಯುವುದಿಲ್ಲವೆಂದು ನಿಯಮ ಮಾಡಿಕೊಳ್ಳಬೇಕು. ಬೆಳಿಗ್ಗೆ ಸಾಮಾಯಿಕವಾದ ಮೇಲೆ ಬರೆಯಬೇಕೆನಿಸಿದರೆ ಆಗ ನೋಡಬಹುದು. ಬಹುಮಟ್ಟಿಗೆ ಬೇಕೆನಿಸುವುದಿಲ್ಲ.

ಮೂರನೆಯದು: ಒಂದು ವಿಷಯದ ವಾದದಲ್ಲಿ ಇನ್ನೊಂದು ವಿಷಯವನ್ನು, ವಿಶೇಷವಾಗಿ ತೀರಿಹೋದ ಹಿರಿಯರ ಕಾಲದ ವಿಷಯವನ್ನು ತರಬಾರದು.

ನಾಲ್ಕನೆಯದು: ಪ್ರತಿ ಚತುರ್ದಶಿಯ ಉಪವಾಸವನ್ನು ಸಂಕಲ್ಪಿಸುವ ಮುನ್ನ, ಕಳೆದ ಪಕ್ಷದಲ್ಲಿ ಯಾರೊಡನೆ ಮಾತು ನಿಂತಿದೆಯೆಂದು ಎಣಿಸಬೇಕು. ಪಕ್ಷ ದಾಟುವ ಮೊದಲು ಅವರ ಮನೆಗೆ ಹೋಗಬೇಕು. ತಪ್ಪು ಯಾರದೆಂಬ ನಿರ್ಣಯಕ್ಕಾಗಿ ಕಾಯಬಾರದು.

ಐದನೆಯದು: ಕ್ಷಮಾವಾಣಿಯ ದಿನ ಸಮಸ್ತ ಜೀವರಾಶಿಗಿಂತ ಮೊದಲು ಆ ಒಬ್ಬರ ಬಳಿಗೆ ಹೋಗಬೇಕು.

ನನ್ನ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಫಾಲ್ಗುಣದ ನಂದೀಶ್ವರ ಅಷ್ಟಾಹ್ನಿಕದಲ್ಲಿ ಪಾಠಶಾಲೆಯ ಮಕ್ಕಳಿಗೆ ಈ ನಾಲ್ಕು ಗೆರೆಗಳನ್ನೇ ಹೇಳುತ್ತಿದ್ದೆ. ಒಬ್ಬ ಹುಡುಗಿ ಎದ್ದು, "ಅಜ್ಜಾರ, ಆರು ತಿಂಗಳು ದಾಟಿದ್ರ ಏನ್ ಆಗ್ತದ್ರಿ?" ಎಂದು ಕೇಳಿದಳು. ಉತ್ತರ ಹೇಳಲು ಬಾಯಿ ತೆರೆದವನು ಬೆರಳು ಮಡಿಸಿ ಎಣಿಸಿದೆ. ಶ್ರಾವಣ ಬಹುಳದಿಂದ ಆರು ತಿಂಗಳು ದಾಟಿದ್ದವು.

ಆ ಸಂಜೆಯೇ ಅಣ್ಣನ ಮನೆಗೆ ಹೋದೆ. ಅವರಿಗೆ ಲಕ್ವಾ ಹೊಡೆದು ಹತ್ತು ದಿನಗಳಾಗಿದ್ದವು. ಮಾತು ನಿಂತಿದ್ದರಿಂದ ನನಗೆ ಸುದ್ದಿಯನ್ನೂ ಯಾರೂ ಹೇಳಿರಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ವೈನಿ, "ಬರ್ರಿ, ದಾರಿ ನೋಡ್ತಿದ್ರು" ಎಂದರು. ನಾನು ಹಾಸಿಗೆಯ ಪಕ್ಕದಲ್ಲಿ ಕುಳಿತು ಕ್ಷಮೆ ಬೇಡಿದೆ. ಅವರು ಎಡಗೈಯಿಂದ ನನ್ನ ಕೈಯನ್ನು ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಅವರು ಕ್ಷಮಿಸಿದರೆಂದು ನಾನು ನಂಬಿದ್ದೇನೆ. ಆದರೆ ನಾಲಿಗೆ ಹೊರಳುತ್ತಿರಲಿಲ್ಲ. ತಮ್ಮಾ ಎಂಬ ಒಂದು ಶಬ್ದವನ್ನು ಅವರ ಬಾಯಿಂದ ಮತ್ತೆ ಕೇಳುವ ಪುಣ್ಯ ನನಗಿರಲಿಲ್ಲ. ಮುಂದಿನ ಭಾದ್ರಪದಕ್ಕೆ ಅವರು ಇರಲಿಲ್ಲ.

ಮೊದಲ ಚತುರ್ದಶಿಗೆ ಹೋಗಿದ್ದರೆ ಆ ಶಬ್ದ ದೊರೆಯುತ್ತಿತ್ತು. ಈ ಪತ್ರಿಕೆ ತಮ್ಮ ಮನೆ ತಲುಪಿ, ತಾವು ಇದನ್ನು ಓದಿದ ಮೇಲೆ, ಮುಂದಿನ ಚತುರ್ದಶಿಗೆ ಎಷ್ಟು ದಿನಗಳಿವೆಯೆಂದು ಪಂಚಾಂಗ ತೆರೆದು ನೋಡಿರಿ. ಯಾರ ಪಂಚಾಂಗವಾದರೂ ಆದೀತು.

ಅಜ್ಞಾನದಿಂದಲೋ ಪ್ರಮಾದದಿಂದಲೋ ಈ ಬರಹದಲ್ಲಿ ದೋಷಗಳಿದ್ದರೆ ತಾವೆಲ್ಲರೂ ಕ್ಷಮಿಸಬೇಕೆಂದು ಐನಾಪುರದಿಂದ ಕೈಜೋಡಿಸಿ ಪ್ರಾರ್ಥಿಸುತ್ತೇನೆ. ಸರ್ವರ ನೋಂಪಿಗಳೂ ನಿರ್ವಿಘ್ನವಾಗಿ ನೆರವೇರಲಿ. ಜಿನಧರ್ಮಕ್ಕೆ ಜಯವಾಗಲಿ.